ನೋವು ಎಲ್ಲಿದೆ ಅಂತ ಮೊದಲು ಬೆರಳಿಟ್ಟು ನೋಡಿ

ಒಂದೇ ಸೀಸನ್‌ನಲ್ಲಿ ಮೂರು ಸಲ ಕಾಲುನೋವಿನಿಂದ ಕೂತರೂ ರಿಲೇ ತಂಡಕ್ಕಾಗಿ ಮತ್ತೆ ಟ್ರ್ಯಾಕಿಗಿಳಿದ ವಿದ್ಯಾರ್ಥಿನಿಯೊಬ್ಬಳ ಕಥೆ ಕೇಳಿದೆ; ಅವಳ ಛಲ ನಿಜಕ್ಕೂ ದೊಡ್ಡದು. ಆದರೆ ಅದೇ ಜಾಗ ಮತ್ತೆ ಮತ್ತೆ ನೋಯುತ್ತಿದ್ದರೆ ಮೊದಲನೆಯದೇ ಪೂರ್ತಿ ವಾಸಿಯಾಗಿಲ್ಲ ಅಂತ ಅನುಮಾನಿಸಬೇಕು.

ಮೊಣಕಾಲ ಕೆಳಗಿನ ಮೂಳೆಯ ಒಳ ಅಂಚಿನ ಮೇಲೆ ಹೆಬ್ಬೆರಳು ಒತ್ತುತ್ತಾ ಬನ್ನಿ. ಐದಾರು ಸೆಂಟಿಮೀಟರ್ ಉದ್ದಕ್ಕೂ ನೋವಿದ್ದರೆ ಹೆಚ್ಚಾಗಿ ಶಿನ್ ಸ್ಪ್ಲಿಂಟ್, ಅಂದರೆ ಓಟದ ಹೊರೆಯಿಂದ ಮೂಳೆಯ ಅಂಚಿನುದ್ದಕ್ಕೂ ಬರುವ ನೋವು. ಬೆರಳಗಲದ ಒಂದೇ ಜಾಗ ಚುರ್ ಅಂದರೆ, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಅಲ್ಲೇ ಇರಿದಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಸ್ಟ್ರೆಸ್ ಫ್ರ್ಯಾಕ್ಚರ್ (ಪದೇ ಪದೇ ಬೀಳುವ ಹೊರೆಯಿಂದ ಮೂಳೆಯಲ್ಲಾಗುವ ಸಣ್ಣ ಬಿರುಕು) ಇರಬಹುದು; ಓಟ ಅಂದೇ ನಿಲ್ಲಬೇಕು, ಡಾಕ್ಟರಿಗೆ ತೋರಿಸಬೇಕು. ಮೊದಲ 2–3 ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದಿರುವುದು ಸಾಮಾನ್ಯ, ಎಂಆರ್‌ಐಯಲ್ಲಿ ಗೊತ್ತಾಗುತ್ತದೆ. ನೋವಿನ ಮಾತ್ರೆ ಕೊಟ್ಟು ಓಡಿಸುವುದಂತೂ ಬೇಡವೇ ಬೇಡ.

ಓಟ ನಿಂತಿರುವಾಗ ಸೈಕಲ್, ಈಜಿನಿಂದ ದಮ್ಮು ಉಳಿಯುತ್ತದೆ, ಮೋಸವಾಗುವುದೂ ಅಲ್ಲೇ: ಉಸಿರು ತಯಾರಿದ್ದರೂ ಮೂಳೆ ತಯಾರಿರುವುದಿಲ್ಲ. 30 ನಿಮಿಷದ ಬಿರುಸು ನಡಿಗೆ ನೋವಿಲ್ಲದೆ ಆದಮೇಲೆ 1 ನಿಮಿಷ ಜಾಗ್, 2 ನಿಮಿಷ ನಡಿಗೆ, ಹೀಗೆ ಎಂಟು ಸುತ್ತು, ದಿನ ಬಿಟ್ಟು ದಿನ. ಮರುದಿನ ಬೆಳಿಗ್ಗೆ ಒತ್ತಿದಾಗ ನೋವಿದ್ದರೆ ಒಂದು ಹೆಜ್ಜೆ ಹಿಂದಕ್ಕೆ.

ಹುಡುಗಿಯರಲ್ಲಿ ಮುಟ್ಟು ನಿಂತಿದೆಯಾ ಅಂತ ಕೋಚ್‌ಗಳು ಕೇಳಲೇಬೇಕು. ತಾಲೀಮಿಗೆ ತಕ್ಕಷ್ಟು ಊಟ ಸೇರುತ್ತಿಲ್ಲ ಅನ್ನುವುದರ ಸೂಚನೆ ಅದಾಗಿರಬಹುದು; ಹಾಗಾದಾಗ ಮೊದಲು ಸೊರಗುವುದರಲ್ಲಿ ಮೂಳೆಯೂ ಒಂದು.