ಸ್ವೀಡನ್ನಿನ ಮನೆಗೆ ಭೂಶಾಖದ ಬೋರ್: ಬೇಕೆ, ಬೇಡವೆ?

ಪರ: ನೆಲದಾಳಕ್ಕೆ ಚಳಿಗಾಲವಿಲ್ಲ

ನಾವಿರುವ ಉಮಿಯೊ ಸ್ವೀಡನ್ನಿನ ಉತ್ತರಕ್ಕಿದೆ. ಜನವರಿಯಲ್ಲಿ ಇಲ್ಲಿ ಮೈನಸ್ 10 ಡಿಗ್ರಿ ಮಾಮೂಲು, ಮೈನಸ್ 25 ಕೂಡ ಅಪರೂಪವಲ್ಲ. ಹಿತ್ತಲಲ್ಲಿ ಮೊಣಕಾಲುದ್ದ ಹಿಮ ಬಿದ್ದಿರುತ್ತದೆ. ಅದೇ ಹಿತ್ತಲಲ್ಲಿ ಇಪ್ಪತ್ತು ಮೀಟರ್ ಕೆಳಗಿಳಿದರೆ ಬಂಡೆ ಜನವರಿಯಲ್ಲೂ ಜುಲೈಯಲ್ಲೂ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ, ಸುಮಾರು 4-5 ಡಿಗ್ರಿ. ನಾನು ಹೇಳಬೇಕಾದ್ದೆಲ್ಲ ಇದರಲ್ಲೇ ಇದೆ. ನೆಲದಾಳಕ್ಕೆ ಚಳಿಗಾಲವಿಲ್ಲ.

ಅಷ್ಟು ತಣ್ಣಗಿನ ಕಲ್ಲಿನಿಂದ ಮನೆ ಬಿಸಿಯಾಗುವುದು ಹೇಗೆ ಎಂದು ಊರಿನ ಬಂಧುಗಳು ಕೇಳುತ್ತಾರೆ. ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟು ನೋಡಿ ಎನ್ನುತ್ತೇನೆ. ಒಳಗಿನ ತಂಪಿನಿಂದ ಹಿಂಡಿ ತೆಗೆದ ಶಾಖವೇ ಅಲ್ಲಿ ಕೈಗೆ ತಗಲುವುದು. ನಮ್ಮ ಹೀಟ್ ಪಂಪಿನದೂ ಅದೇ ಕೆಲಸ, ದೊಡ್ಡದಾಗಿ. 150ರಿಂದ 200 ಮೀಟರ್ ಆಳದ ಬೋರ್, ಅದರೊಳಗೆ ಇಳಿದು ಮತ್ತೆ ಮೇಲೆ ಬರುವ ಪ್ಲಾಸ್ಟಿಕ್ ಪೈಪು, ಪೈಪಿನಲ್ಲಿ ಹೆಪ್ಪುಗಟ್ಟದಂತೆ ಆಲ್ಕೋಹಾಲ್ ಬೆರೆಸಿದ ನೀರು. ಅದು ಬಂಡೆಯಿಂದ ಮೂರ್ನಾಲ್ಕು ಡಿಗ್ರಿ ಬಿಸಿ ಹೊತ್ತು ತರುತ್ತದೆ. ಆ ಬಿಸಿಯನ್ನು ಪಂಪಿನೊಳಗಿನ ಅನಿಲ ಹೀರಿಕೊಳ್ಳುತ್ತದೆ, ಕಂಪ್ರೆಸರ್ ಆ ಅನಿಲವನ್ನು ಹಿಂಡಿ ಕೋಣೆಗಳ ಬಿಸಿನೀರಿನ ರೇಡಿಯೇಟರಿಗೆ ಬೇಕಾದ ಕಾವಿಗೆ ಏರಿಸುತ್ತದೆ. ಒಂದು ಯೂನಿಟ್ ವಿದ್ಯುತ್ ಕೊಟ್ಟರೆ ಮೂರು ಯೂನಿಟ್ ಶಾಖ, ಕೋಣೆಯ ನೆಲದಡಿ ಬಿಸಿನೀರಿನ ಪೈಪು ಹಾಸಿದ ಮನೆಯಲ್ಲಿ ನಾಲ್ಕರ ಹತ್ತಿರ.

ಗಾಳಿಯಿಂದ ಶಾಖ ಎಳೆಯುವ ಹೀಟ್ ಪಂಪ್ ಅಗ್ಗ, ಮೈನಸ್ 25ರಲ್ಲೂ ಓಡುತ್ತದೆ ಎನ್ನುತ್ತಾರೆ. ಓಡುತ್ತದೆ, ನಿಜ. ಆದರೆ ಮನೆಗೆ ಅತಿ ಹೆಚ್ಚು ಶಾಖ ಬೇಕಾದ ರಾತ್ರಿಯೇ ಅದರ ಇಳುವರಿ ಅತಿ ಕಡಿಮೆ. ಹೊರಗಿನ ಯೂನಿಟ್ಟಿನ ಮೇಲೆ ಹಿಮ ಕಟ್ಟುತ್ತದೆ, ಅದನ್ನು ಕರಗಿಸಲು ಮತ್ತೆ ಶಾಖ ಖರ್ಚಾಗುತ್ತದೆ, ಸಾಲದ್ದಕ್ಕೆ ಒಳಗಿನ ಕರೆಂಟಿನ ಹೀಟರ್ ಕಾಯಿಲ್ ಚಾಲೂ ಆಗುತ್ತದೆ. ಬೀದಿಯ ಎಲ್ಲ ಮನೆಗಳಲ್ಲೂ ಅದೇ ಹೊತ್ತಿಗೆ ಹೀಗಾದರೆ ಗ್ರಿಡ್‌ನ ಗತಿಯೇನು? ಬಂಡೆಗೆ ಆ ರಾತ್ರಿಯ ಸುದ್ದಿಯೇ ಮುಟ್ಟುವುದಿಲ್ಲ.

ಈ ದೇಶ ಇದನ್ನು ಪುಸ್ತಕ ಓದಿ ಕಲಿತದ್ದಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಇಲ್ಲಿನ ಮನೆಗಳನ್ನು ಬೆಚ್ಚಗಿಡುತ್ತಿದ್ದುದು ಹೆಚ್ಚಾಗಿ ಎಣ್ಣೆ. 1973ರಲ್ಲಿ, ಮತ್ತೆ 1979ರಲ್ಲಿ ಎಣ್ಣೆಯ ಬೆಲೆ ಬೆನ್ನು ಮುರಿಯಿತು. 1991ರಲ್ಲಿ ಎಣ್ಣೆಯಂಥ ಇಂಧನಗಳ ಮೇಲೆ ಇಂಗಾಲದ ತೆರಿಗೆ ಬಂತು. ಇಂದು ಲಕ್ಷಗಟ್ಟಲೆ ಮನೆಗಳ ಹಿತ್ತಲಲ್ಲಿ ಇಂಥ ಬೋರ್‌ಗಳಿವೆ, ಮನೆ ಕಾಯಿಸುವ ಎಣ್ಣೆ ಬಾಯ್ಲರ್ ಕಾಣುವುದೇ ಕಷ್ಟ.

ಮಲೆನಾಡಿನ ಸಾಗರದಿಂದ ಅಮ್ಮ ಬಂದದ್ದು ನಡುಚಳಿಗಾಲದಲ್ಲಿ. ಬಚ್ಚಲೊಲೆಗೆ ಉರಿ ಹಾಕಿ ಹಂಡೆ ಕಾಯಿಸಿಯೇ ಸ್ನಾನ ಮಾಡಿದ ಜೀವ ಅವರದು. ಬೆಳಿಗ್ಗೆ ಐದಕ್ಕೆ ನಲ್ಲಿಯಲ್ಲಿ ಬಿಸಿನೀರು, ಬರಿಗಾಲಿಗೆ ಬೆಚ್ಚಗಿನ ನೆಲ. "ಹೊಗೆ ಎಲ್ಲಿಂದ ಹೋಗ್ತದೆ ಮಾರಾಯ್ತಿ?" ಎಂದು ಚಿಮಣಿ ಹುಡುಕಿದರು. ಹೊಗೆಯೇ ಇಲ್ಲಮ್ಮ ಎಂದೆ. ಆ ವಯಸ್ಸಿನವರನ್ನು ಈ ಊರಿನ ಚಳಿಗೆ ಕರೆಸಿಕೊಳ್ಳುವ ಧೈರ್ಯ ನನಗೆ ಬಂದದ್ದೇ ಈ ಬೋರ್‌ನಿಂದ.

ಖರ್ಚಿನ ಮಾತು ಬಂದೇ ಬರುತ್ತದೆ. ಎಲ್ಲ ಸೇರಿ ಒಂದೂವರೆ-ಎರಡು ಲಕ್ಷ ಸ್ವೀಡಿಷ್ ಕ್ರೋನಾ ಆಗುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟು, ವರ್ಷ ಕಳೆದಂತೆ ಬೆಲೆ ಕಳೆದುಕೊಳ್ಳುವ ಕಾರು ಕೊಳ್ಳುವಾಗ ಯಾರೂ ಈ ಲೆಕ್ಕ ಹಾಕುವುದಿಲ್ಲ. ಪಂಪಿನ ಆಯಸ್ಸು ಇಪ್ಪತ್ತು ವರ್ಷವಿರಬಹುದು. ಬೋರ್ ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ವಿರೋಧ: ಎಲ್ಲರ ಹಿತ್ತಲೂ ಬಂಡೆಯಲ್ಲ

ವಿರೋಧದ ಪಕ್ಷ ವಹಿಸಿ ಎಂದು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಉತ್ತರದ ಬಂಡೆ ನೆಲದಲ್ಲಿ, ದೊಡ್ಡ ಹಳೆಯ ಮನೆಯಲ್ಲಿ ಇರುವವರಿಗೆ ಬೋರ್ ಬೇಡ ಎನ್ನುವುದು ನನ್ನಿಂದಾಗದು. ಆದರೆ ಉಮಿಯೊದ ನ್ಯಾಯವನ್ನು ಇಡೀ ದೇಶಕ್ಕೆ ಹೇಳುವುದು ಸರಿಯಲ್ಲ.

ನಮ್ಮ ಮನೆಯಿರುವುದು ಪಶ್ಚಿಮ ಕರಾವಳಿಯ ಗೋಥೆನ್‌ಬರ್ಗಿನ ಹೊರವಲಯದಲ್ಲಿ. ಇಲ್ಲಿ ಕಡಲ ಗಾಳಿ ಬೀಸುತ್ತದೆ, ಜನವರಿಯ ಸರಾಸರಿ ಸೊನ್ನೆಯ ಆಸುಪಾಸು. ಕೆಳಗಿರುವುದು ಜೇಡಿಮಣ್ಣು, ಕೆಲವು ಕಡೆ ನೂರು ಮೀಟರ್ ದಪ್ಪ. ಊರಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಗೊತ್ತು, ಮಣ್ಣು ಕುಸಿಯದಂತೆ ಇಳಿಸುವ ಕೊಳವೆಗೆ, ಅಂದರೆ ಕೇಸಿಂಗಿಗೆ, ಬೇರೆ ಲೆಕ್ಕ. ಇಲ್ಲೂ ಹಾಗೆಯೇ. ಗಟ್ಟಿ ಬಂಡೆ ಸಿಕ್ಕು, ಅದರೊಳಗೆ ಕನಿಷ್ಠ ಎರಡು ಮೀಟರ್ ಹೋಗುವವರೆಗೆ ಉಕ್ಕಿನ ಕೇಸಿಂಗ್ ಇಳಿಸಬೇಕು. ಕೊರೆಯುವ ಕಂಪನಿಯೊಂದು ನಮಗೆ ಚೆಂದದ ಕೊಟೇಶನ್ ಕೊಟ್ಟಿತ್ತು. ಆರು ಮೀಟರ್ ಕೇಸಿಂಗ್ ಸೇರಿದೆ, ಅದಕ್ಕಿಂತ ಹೆಚ್ಚಾದರೆ ಮೀಟರ್ ಲೆಕ್ಕ ಎಂದು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು. ಬಂಡೆ ಎಷ್ಟು ಕೆಳಗಿರಬಹುದು ಎಂದು ಕೇಳಿದೆವು. ಕೊರೆದ ಮೇಲೆ ತಿಳಿಯುತ್ತದೆ ಎಂದರು. ಪಕ್ಕದ ಬೀದಿಯ ಒಂದು ಮನೆಯವರು ಇದೇ ಮಾತು ನಂಬಿ ರಿಗ್ ತರಿಸಿದ್ದರು. ಮಣ್ಣು ಮುಗಿಯಲೇ ಇಲ್ಲ. ಬಿಲ್ ನೋಡಿ ಆ ಮನೆಯ ಹಿರಿಯರು ಎಷ್ಟೋ ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಕಾರಿನ ಬೆಲೆಯಾದರೂ ಕೊಳ್ಳುವ ಮೊದಲೇ ಗೊತ್ತಿರುತ್ತದೆ.

ನೆಲದೊಳಗೆ ಏನಿದೆ ಎಂದು ತಿಳಿಯದೆ ಕೊರೆದರೆ ದುಡ್ಡಷ್ಟೇ ಹೋಗುವುದಿಲ್ಲ. 2007ರಲ್ಲಿ ಜರ್ಮನಿಯ ಸ್ಟೌಫೆನ್ ಎಂಬ ಪುಟ್ಟ ಊರಿನಲ್ಲಿ ಪುರಭವನವನ್ನು ಬೆಚ್ಚಗಿಡಲು ಸುಮಾರು 140 ಮೀಟರ್ ಆಳದ ಬೋರ್‌ಗಳನ್ನು ಕೊರೆದರು. ಕೆಳಗಿನ ನೀರು ಅನ್‌ಹೈಡ್ರೈಟ್ ಎಂಬ ಖನಿಜದ ಪದರಕ್ಕೆ ನುಗ್ಗಿತು, ಆ ಖನಿಜ ನೀರು ಹೀರಿ ಜಿಪ್ಸಮ್ ಆಗಿ ಉಬ್ಬಿತು, ಹಳೆಯ ಊರಿನ ನೆಲವೇ ಮೇಲೆದ್ದಿತು. 250ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟವು. ಸ್ವೀಡನ್ನಿನ ಗ್ರಾನೈಟಿನಲ್ಲಿ ಹೀಗಾಗದು ಎನ್ನುತ್ತಾರೆ. ಇರಬಹುದು. ಆದರೂ ಆ ಊರಿನವರಿಗೂ ಮೊದಲು ಯಾರೋ ಧೈರ್ಯ ಹೇಳಿಯೇ ಇದ್ದರಲ್ಲ.

ಇನ್ನು ಜಾಗದ ಪ್ರಶ್ನೆ. ಎರಡು ಬೋರ್‌ಗಳ ನಡುವೆ ಇಪ್ಪತ್ತು ಮೀಟರ್ ಅಂತರ ಬೇಕೆನ್ನುತ್ತಾರೆ, ಇಲ್ಲದಿದ್ದರೆ ಒಂದರ ಶಾಖವನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಒತ್ತೊತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ಮೊದಲು ಕೊರೆಸಿದವರಿಗೆ ಜಾಗ, ಹಿಂದೆ ಬಂದವರು ಪುರಸಭೆಯ ಅನುಮತಿಗೆ ಅಲೆಯಬೇಕು.

ಮೈನಸ್ 25ರ ರಾತ್ರಿಯ ವಾದವನ್ನು ಪರ ಬರೆದವರು ಒತ್ತಿ ಹೇಳಿದ್ದಾರೆ. ಅಂಥ ರಾತ್ರಿಗಳು ನಮ್ಮ ಕಡೆ ಬರುವುದೇ ಇಲ್ಲ ಎನ್ನಬಹುದು. ನಾವು ಗಾಳಿಯಿಂದ ಶಾಖ ಎಳೆದು ರೇಡಿಯೇಟರಿನ ನೀರು ಕಾಯಿಸುವ ಪಂಪು ಹಾಕಿಸಿದೆವು. ಉಳಿದ ದುಡ್ಡಿನಲ್ಲಿ ಕಿಟಕಿಗಳಿಗೆ ಮೂರು ಪದರದ ಗಾಜು ಕೂರಿಸಿ ಅಟ್ಟಕ್ಕೆ ಇನ್ಸುಲೇಶನ್ ತುಂಬಿಸಿದೆವು. ಬೋರ್ ಕೊರೆಸಲೇಬೇಕು ಎನ್ನುವವರಿಗೂ ನಾನು ಹೇಳುವುದು, ಮೊದಲು ಅಟ್ಟ ಹತ್ತಿ ನೋಡಿ ಎಂದು. ಶಾಖ ಸೋರುವ ಮನೆ ಇನ್ನೂ ದೊಡ್ಡ ಪಂಪು ಕೇಳುತ್ತದೆ, ಇನ್ನೂ ಆಳದ ಬೋರ್ ಕೇಳುತ್ತದೆ.