ಎಂಟು ಮಂದಿ, 544 ಕಿಲೋ

ಲಿಫ್ಟಿನೊಳಗೆ ಹೊಕ್ಕವರಿಗೆ ಓದಲು ಸಿಗುವುದು ಒಂದೇ ಸಾಲು. ಗುಂಡಿಗಳ ಮೇಲಿನ ತಗಡಿನಲ್ಲಿ ಕೊರೆದಿರುತ್ತದೆ: 8 ವ್ಯಕ್ತಿಗಳು, 544 ಕೆ.ಜಿ. ಪಕ್ಕದವರ ಮುಖ ನೋಡುವ ಮುಜುಗರ ತಪ್ಪಲೆಂದು ಎಲ್ಲರೂ ಅದನ್ನೇ ದಿಟ್ಟಿಸುತ್ತಾರೆ, ಭಾಗಿಸಿ ನೋಡುವವರು ಮಾತ್ರ ಕಡಿಮೆ. ಭಾಗಿಸಿದರೆ ತಲೆಗೆ 68 ಕಿಲೋ ಬರುತ್ತದೆ. ಆರು ಜನರ ಲಿಫ್ಟಿನಲ್ಲಿ 408, ಹತ್ತು ಜನರದ್ದರಲ್ಲಿ 680, ಹದಿಮೂರು ಜನರದ್ದರಲ್ಲಿ 884. ಎಲ್ಲಿ ಭಾಗಿಸಿದರೂ ಅದೇ 68. ಲಿಫ್ಟುಗಳ ಭಾರತೀಯ ಮಾನಕ ಐಎಸ್ 14665 ಒಪ್ಪಿಕೊಂಡ ಮನುಷ್ಯನ ತೂಕ ಇದು. 65 ಅಲ್ಲ, 70 ಅಲ್ಲ, ಅದೇನು 68 ಎಂದರೆ ಪೌಂಡಿಗೆ ತಿರುಗಿಸಿ ನೋಡಬೇಕು. ಸರಿಯಾಗಿ 150. ಪೌಂಡು ಹೋಗಿ ಕಿಲೋ ಬಂದು ಅರವತ್ತು ವರ್ಷ ದಾಟಿತು, 150 ಪೌಂಡಿನ ಆಸಾಮಿ ಮಾತ್ರ ಕಿಲೋ ವೇಷ ಹಾಕಿಕೊಂಡು ಇನ್ನೂ ನಮ್ಮ ಲಿಫ್ಟುಗಳಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದಾನೆ.

ಬೇರೆ ದೇಶದ ಲಿಫ್ಟುಗಳಲ್ಲಿ ಬೇರೆ ಆಸಾಮಿಗಳಿದ್ದಾರೆ. ಯುರೋಪಿನ ಮಾನಕದಲ್ಲಿ ತಲೆಗೆ 75 ಕಿಲೋ, ಜಪಾನಿನಲ್ಲಿ 65. ಒಂದು ಟನ್ ಎತ್ತುವ ಲಿಫ್ಟಿಗೆ ಜರ್ಮನಿಯಲ್ಲಿ 13 ಜನ ಎಂದು ಬರೆದರೆ ಜಪಾನಿನಲ್ಲಿ 15 ಎಂದು ಬರೆಯುತ್ತಾರೆ. ನಮ್ಮ ಲೆಕ್ಕಕ್ಕೆ 14. ಹಗ್ಗ, ಮೋಟಾರು, ಬ್ರೇಕು ಯಾವುದೂ ಬದಲಾಗುವುದಿಲ್ಲ, ಗಡಿ ದಾಟಿದ ಕೂಡಲೇ ಇಬ್ಬರು ಒಳಗೆ ಬರುತ್ತಾರೆ ಇಲ್ಲವೇ ಹೊರಗುಳಿಯುತ್ತಾರೆ. ಜನ ಎಷ್ಟು ತೂಗುತ್ತಾರೆ ಎಂಬುದನ್ನು ಈ ತಗಡುಗಳು ಹೇಳುತ್ತವೆ ಅಂದುಕೊಂಡರೆ ಮೋಸ ಹೋದಂತೆ. ಎಷ್ಟು ತೂಗುತ್ತಾರೆಂದು ಆಯಾ ದೇಶದ ಎಂಜಿನಿಯರುಗಳು ಯಾವುದೋ ಕಾಲದಲ್ಲಿ ಒಪ್ಪಂದಕ್ಕೆ ಬಂದರು ಎಂಬುದಷ್ಟೇ ಅಲ್ಲಿರುವುದು.

ನಿಜವಾದ ಮನುಷ್ಯರ ಲೆಕ್ಕ ಹಾಕಿದವರೂ ಇದ್ದಾರೆ. 2012ರಲ್ಲಿ ಲಂಡನ್ನಿನ ಸಂಶೋಧಕರು ಭೂಮಿಯ ಮೇಲಿನ ವಯಸ್ಕರನ್ನೆಲ್ಲ ಒಂದೇ ತಕ್ಕಡಿಗೆ ಹಾಕಿದರೆ ಎಷ್ಟಾದೀತೆಂದು ಅಂದಾಜು ಮಾಡಿದರು. 2005ರ ಜನಸಂಖ್ಯೆಗೆ ಬಂದ ಉತ್ತರ 28.7 ಕೋಟಿ ಟನ್, ತಲೆಗೆ 62 ಕಿಲೋ. ಉತ್ತರ ಅಮೆರಿಕದ ಸರಾಸರಿ 80.7, ಏಷ್ಯಾದ್ದು 57.7. ಅಂದರೆ ಒಂದು ಟನ್ ಆಗಲು ಅಲ್ಲಿ 12 ಜನ ಸಾಕು, ಇಲ್ಲಿ 17 ಜನ ಬೇಕು. ಲಿಫ್ಟಿನ ತಗಡುಗಳು 13, 14, 15 ಎಂದು ಸಂಕೋಚದಿಂದ ಗೊಣಗುವುದನ್ನೇ ಈ ಲೆಕ್ಕ ಗಟ್ಟಿಯಾಗಿ ಹೇಳುತ್ತದೆ.

ಅಮೆರಿಕ ಒಂದನ್ನೇ ನೋಡಿ. ಅಲ್ಲಿನ ಸರ್ಕಾರಿ ಆರೋಗ್ಯ ಸಮೀಕ್ಷೆ ಜನರನ್ನು ಕರೆಸಿ ತೂಗುತ್ತದೆ. 1960-62ರಲ್ಲಿ ವಯಸ್ಕ ಗಂಡಸಿನ ಸರಾಸರಿ 75 ಕಿಲೋ ಚಿಲ್ಲರೆ, ಹೆಂಗಸಿನದು 64ರ ಹತ್ತಿರ. 2015-18ರ ಹೊತ್ತಿಗೆ ಗಂಡಸು 90.6, ಹೆಂಗಸು 77.5. ಈಗ ಇವರನ್ನು ನಮ್ಮ ಎಂಟು ಜನರ ಲಿಫ್ಟಿಗೆ ಹತ್ತಿಸಿ. ಆರು ಗಂಡಸರು ಸೇರಿದರೆ 543.6 ಕಿಲೋ, ಏಳು ಹೆಂಗಸರು ಸೇರಿದರೆ 542.5. ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. 54 ಕಿಲೋದ ಹೆಣ್ಣುಮಕ್ಕಳಾದರೆ ಹತ್ತು ಜನ ಹತ್ತಿದರೂ 540. ತೂಕವೇನೋ ಆಗುತ್ತದೆ, ಜಾಗ ಆಗುವುದಿಲ್ಲ. ಎಂಟು ಜನರ ಲಿಫ್ಟಿನ ಒಳಗಿನ ಅಳತೆ 1300 ಮಿ.ಮೀ. ಅಗಲ, 1100 ಮಿ.ಮೀ. ಆಳ, ತಲೆಗೆ ಒಂದು ಚದರ ಮೀಟರಿನ ಐದನೇ ಒಂದು ಪಾಲೂ ಇಲ್ಲ. ಇದು ಜಿಪುಣತನವಲ್ಲ. ತಗಡಿನಲ್ಲಿ ಏನೇ ಬರೆದರೂ ಜಾಗ ಇರುವ ತನಕ ಜನ ಹತ್ತುತ್ತಲೇ ಇರುತ್ತಾರೆ, ಆದ್ದರಿಂದ ಎತ್ತುವ ಶಕ್ತಿಗೆ ತಕ್ಕಷ್ಟೇ ನೆಲ ಕೊಡಬೇಕು ಎಂಬುದು ಮಾನಕಗಳು ಬರೆದವರಿಗೆ ಚೆನ್ನಾಗಿ ಗೊತ್ತು.

ಲಿಫ್ಟಿಗೆ ತಲೆ ಎಣಿಸಲು ಬರುವುದಿಲ್ಲ. ಅದರ ನೆಲದಡಿಯಲ್ಲೋ ಹಗ್ಗದ ತುದಿಯಲ್ಲೋ ಕೂತ ಲೋಡ್ ಸೆಲ್‌ಗೆ ತಿಳಿಯುವುದು ಕಿಲೋ ಮಾತ್ರ. ಹೊಂದಿಸಿದ ಮಿತಿ ದಾಟಿತೋ, ಬಜರ್ ಕಿರುಚುತ್ತದೆ, ಬಾಗಿಲು ಮುಚ್ಚುವುದಿಲ್ಲ, ಕೊನೆಗೆ ಹತ್ತಿದವರು ತಪ್ಪಿತಸ್ಥರಂತೆ ಇಳಿಯುತ್ತಾರೆ. ಮೊದಲು ಹತ್ತಿದ 95 ಕಿಲೋದವರು ಮೂಲೆಯಲ್ಲಿ ಮೊಬೈಲು ನೋಡುತ್ತ ನಿಂತಿರುತ್ತಾರೆ. ಕೆಲವೊಮ್ಮೆ ಏಳೇ ಜನಕ್ಕೆ ಬಜರ್ ಹೊಡೆದುಕೊಳ್ಳುವುದುಂಟು. ಆಗ ದಪ್ಪಗಿರುವವರನ್ನು ದೂರುವ ಮೊದಲು ಕಾಲಡಿ ನೋಡಬೇಕು. ಅಪಾರ್ಟ್‌ಮೆಂಟಿನವರು ಚೆಂದಕ್ಕೆಂದು ಲಿಫ್ಟಿನ ನೆಲಕ್ಕೆ ಗ್ರಾನೈಟ್ ಹಾಕಿಸಿರುತ್ತಾರೆ. 1.43 ಚದರ ಮೀಟರಿಗೆ 18 ಮಿ.ಮೀ. ದಪ್ಪದ ಚಪ್ಪಡಿ ಎಂದರೆ, ಘನ ಮೀಟರಿಗೆ 2700 ಕಿಲೋ ಲೆಕ್ಕದಲ್ಲಿ, ಸುಮಾರು 70 ಕಿಲೋ. ಒಬ್ಬ ಪೂರ್ತಿ ಮನುಷ್ಯ, ಅದೂ ಮಾನಕಕ್ಕಿಂತ ಎರಡು ಕಿಲೋ ಹೆಚ್ಚಿನವನು, ಯಾವ ಮಹಡಿಯಲ್ಲೂ ಇಳಿಯದೆ ಅಂಗಾತ ಮಲಗಿದ್ದಾನೆ! ಗ್ರಾನೈಟ್ ಹಾಕಿಸಿದ ದಿನವೇ ಮೆಕ್ಯಾನಿಕ್ಕನ್ನು ಕರೆಸಿ ಲೋಡ್ ಸೆಲ್‌ಗೆ ಹೊಸ ಸೊನ್ನೆ ತೋರಿಸಬೇಕು, ಹಿಂದುಗಡೆ ಇಳಿಬಿಟ್ಟ ಕೌಂಟರ್‌ವೇಟಿಗೂ ಅಷ್ಟೇ ಭಾರ ಸೇರಿಸಬೇಕು. ಕೌಂಟರ್‌ವೇಟು ಲಿಫ್ಟಿನ ಡಬ್ಬಿಯ ತೂಕದ ಜೊತೆಗೆ ಹೆಚ್ಚುಕಡಿಮೆ ಅರ್ಧ ಜನರ ತೂಕಕ್ಕೆ ಸಮ ಮಾಡಿಟ್ಟದ್ದು. ನಾಲ್ಕು ಜನ ಇದ್ದಾಗ ಎರಡೂ ಕಡೆ ತಕ್ಕಡಿ ತೂಗಿದ ಹಾಗೆ. ಸೊನ್ನೆ ಮಾತ್ರ ಸರಿಮಾಡಿ ಕೌಂಟರ್‌ವೇಟನ್ನು ಮರೆತರೆ ಬಜರ್ ಬಾಯಿ ಮುಚ್ಚುತ್ತದೆ, ಆ ಮಲಗಿದ ಮನುಷ್ಯನನ್ನು ಮಾತ್ರ ಮೋಟಾರು, ಬ್ರೇಕು ದಿನವಿಡೀ ಹೊರುತ್ತವೆ.

ನೆಲದ ಮೇಲೆ ಬಜರ್ ಇದೆ, ನೀರಿನ ಮೇಲೆ ಇಲ್ಲ. 2005ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಎಂಬ ಸರೋವರದಲ್ಲಿ ಈಥನ್ ಅಲೆನ್ ಎಂಬ ಪ್ರವಾಸಿ ದೋಣಿ ಮಗುಚಿ, ಅದರಲ್ಲಿದ್ದ ವಯಸ್ಸಾದ ಪ್ರಯಾಣಿಕರಲ್ಲಿ 20 ಜನ ಸತ್ತರು. ದೋಣಿಗೆ ಎಷ್ಟು ಜನ ಎಂದು ಗೊತ್ತುಮಾಡುವಾಗ ತಲೆಗೆ ಹಿಡಿದಿದ್ದು 140 ಪೌಂಡು, ಅರವತ್ತಮೂರುವರೆ ಕಿಲೋ. ತಲೆ ಎಣಿಕೆ ಕಾಗದದ ಪ್ರಕಾರವೇ ಇತ್ತು. ಕಾಗದದ ಮನುಷ್ಯ ಮಾತ್ರ ಬೆಂಚಿನ ಮೇಲೆ ಕೂತ ಮನುಷ್ಯನಿಗಿಂತ ಎಷ್ಟೋ ಹಗುರವಾಗಿದ್ದ. ಅಮೆರಿಕದ ಕರಾವಳಿ ಪಡೆ 2011ರ ಡಿಸೆಂಬರಿನಿಂದ ದೋಣಿಯ ಲೆಕ್ಕಕ್ಕೆ ತಲೆಗೆ 185 ಪೌಂಡು, ಅಂದರೆ 84 ಕಿಲೋ ಹಿಡಿಯಬೇಕೆಂದಿತು. ವಿಮಾನದವರಿಗೆ ಪಾಠ ಇನ್ನೂ ಮೊದಲೇ ಆಗಿತ್ತು. 2003ರ ಜನವರಿಯಲ್ಲಿ ಅಮೆರಿಕದ ಶಾರ್ಲಟ್ ಊರಿನಲ್ಲಿ 19 ಸೀಟಿನ ವಿಮಾನ ಏರುತ್ತಲೇ ಬಿದ್ದು 21 ಜನ ಸತ್ತರು. ವಿಮಾನದ ಮೂಗನ್ನು ಏರಿಳಿಸಲು ಬಾಲದಲ್ಲಿರುವ ಎಲಿವೇಟರ್ ಎಂಬ ರೆಕ್ಕೆಯ ಕೇಬಲ್ಲನ್ನು ತಪ್ಪಾಗಿ ಬಿಗಿದದ್ದು ಒಂದು ಕಾರಣ, ಹಳೆಯ ಸರಾಸರಿಯಲ್ಲಿ ತೂಕ ಲೆಕ್ಕ ಹಾಕಿ ವಿಮಾನದ ಹಿಂಭಾಗ ಭಾರವಾಗಿದ್ದು ಇನ್ನೊಂದು.

ಯುರೋಪಿನ ವಿಮಾನ ನಿಯಮದಲ್ಲಿ ಒಂದು ಪಟ್ಟಿ ಇದೆ. ನೋಡಿದರೆ ಮೊದಲು ನಗು ಬರುತ್ತದೆ. ಐದು ಸೀಟಿನೊಳಗಿನ ವಿಮಾನವಾದರೆ ಗಂಡಸಿಗೆ 104 ಕಿಲೋ ಹಿಡಿಯಬೇಕು. ಆರರಿಂದ ಒಂಬತ್ತು ಸೀಟಾದರೆ 96, ಹತ್ತರಿಂದ ಹತ್ತೊಂಬತ್ತಾದರೆ 92, ಇಪ್ಪತ್ತಕ್ಕೆ ಮೇಲೆ 88. ಕೈಚೀಲವೂ ಸೇರಿ. ಚಿಕ್ಕ ವಿಮಾನ ಹತ್ತಿದ ಕೂಡಲೇ ಅದೇ ಮನುಷ್ಯ ಹದಿನಾರು ಕಿಲೋ ದಪ್ಪಗಾಗುತ್ತಾನೆಯೇ? ಇಲ್ಲಿ ಸರಾಸರಿಯ ಗುಟ್ಟಿದೆ. ಜನರ ತೂಕ ಸರಾಸರಿಯಿಂದ ಹನ್ನೆರಡು ಕಿಲೋ ಆಚೀಚೆ ಚೆದುರಿದೆ ಎಂದಿಟ್ಟುಕೊಳ್ಳಿ. 180 ಜನ ಕೂತರೆ ದಪ್ಪದವರು ತೆಳ್ಳಗಿನವರು ಒಬ್ಬರನ್ನೊಬ್ಬರು ಸರಿದೂಗಿಸಿ, ತಲೆಗೆ ಒಂದು ಕಿಲೋ ಕೂಡ ಏರುಪೇರಾಗುವುದಿಲ್ಲ. ಹನ್ನೆರಡನ್ನು 180ರ ವರ್ಗಮೂಲದಿಂದ ಭಾಗಿಸಿದರೆ ಸಾಕು, 0.9. ಐದೇ ಜನರಿದ್ದರೆ ಐದೂವರೆ ಕಿಲೋ ಏರುಪೇರು, ಅದರ ಇಮ್ಮಡಿಯೂ ಅಪರೂಪವಲ್ಲ. ಐದು ಜನ ಕುಸ್ತಿಪಟುಗಳೇ ಬಂದುಬಿಡಬಹುದು. ಸರಾಸರಿ ಎನ್ನುವುದು ಜಾತ್ರೆಗೆ ಹೊಂದುತ್ತದೆ, ಜಗಲಿಗೆ ಹೊಂದುವುದಿಲ್ಲ. 2013ರಲ್ಲಿ ಸಮೋವಾ ಏರ್ ಎಂಬ ಸಂಸ್ಥೆ ಪ್ರಯಾಣಿಕರನ್ನು ತೂಗಿ ಕಿಲೋ ಲೆಕ್ಕದಲ್ಲಿ ಟಿಕೆಟ್ ಕೊಡುತ್ತದೆ ಎಂಬ ಸುದ್ದಿ ಬಂದಾಗ ಜಗತ್ತೆಲ್ಲ ಹುಬ್ಬೇರಿಸಿತು. ಅವರ ವಿಮಾನಗಳು ಬೆರಳೆಣಿಕೆಯ ಸೀಟಿನವು, ಹಾರುತ್ತಿದ್ದದ್ದು ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ ಸಂಖ್ಯೆಯ ಸರಾಸರಿ 30 ದಾಟಿದ ದ್ವೀಪಗಳ ನಡುವೆ. ಬೆಲೆಯ ಮಾತು ಏನೇ ಇರಲಿ, ತೂಗಿದ್ದಂತೂ ಸರಿ.

ಬಿಎಂಐ ಎಂದಾಗ ಎತ್ತರ ಬರುತ್ತದೆ. ಕಿಲೋವನ್ನು ಮೀಟರಿನಲ್ಲಿ ಹೇಳಿದ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಸಂಖ್ಯೆ. ಬೆಲ್ಜಿಯಮ್ಮಿನ ಕೆಟಲೆ 19ನೇ ಶತಮಾನದಲ್ಲಿ ಕಂಡುಕೊಂಡ ಲೆಕ್ಕ, ಈಗಿನ ಹೆಸರು ಬಂದದ್ದು 1972ರಲ್ಲಿ. ದೇಶ ದೇಶದ ತೂಕವನ್ನು ಬರೀ ಕಿಲೋದಲ್ಲಿ ಪಟ್ಟಿ ಮಾಡುವವರು ಮೊದಲು ಎಡವುವುದು ಇಲ್ಲೇ. ಹತ್ತೊಂಬತ್ತರ ವಯಸ್ಸಿನ ಹುಡುಗರಲ್ಲಿ ನೆದರ್ಲೆಂಡ್ಸಿನವರ ಸರಾಸರಿ ಎತ್ತರ 184 ಸೆಂ.ಮೀ. ಹತ್ತಿರ, ಪೂರ್ವ ತಿಮೋರಿನವರದು 160. ಇಬ್ಬರಿಗೂ ಬಿಎಂಐ 22 ಇರಲಿ, ಮೈಕಟ್ಟು ಒಂದೇ ಇರಲಿ. ಒಬ್ಬ 74 ಕಿಲೋ ಚಿಲ್ಲರೆ, ಇನ್ನೊಬ್ಬ 56. ಹದಿನೆಂಟು ಕಿಲೋ ವ್ಯತ್ಯಾಸದಲ್ಲಿ ಒಂದು ತುತ್ತು ಹೆಚ್ಚು ಉಂಡವರು ಯಾರೂ ಇಲ್ಲ.

ಎರಡನೆಯ ಎಡವಟ್ಟು ಯಾರನ್ನು ತೂಗಿದರು ಎನ್ನುವುದರಲ್ಲಿ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೂಕ ನೋಡುವುದು 15ರಿಂದ 49ರ ಹೆಂಗಸರದು, 15ರಿಂದ 54ರ ಗಂಡಸರದು. ಬಸುರಿಯರನ್ನೂ ಹಸಿ ಬಾಣಂತಿಯರನ್ನೂ ಬಿಎಂಐ ಲೆಕ್ಕದಿಂದ ಬಿಡುತ್ತಾರೆ. ಅಮೆರಿಕದವರದ್ದು ಇಪ್ಪತ್ತು ದಾಟಿದ ಎಲ್ಲರ ಸರಾಸರಿ, ಎಂಬತ್ತರ ಅಜ್ಜನೂ ಅದರಲ್ಲಿದ್ದಾನೆ. ಹೈಸ್ಕೂಲು ಹುಡುಗಿಯನ್ನು ಆ ಅಜ್ಜನ ಪಕ್ಕ ನಿಲ್ಲಿಸಿ ಭಾರತ ತೆಳ್ಳಗಿದೆ ಎನ್ನುವುದರಲ್ಲಿ ಹುರುಳಿಲ್ಲ. ಮೂರನೆಯದು ತೂಗಿದರೋ, ಕೇಳಿ ಬರೆದುಕೊಂಡರೋ ಎನ್ನುವುದು. ಫೋನಿನಲ್ಲಿ ಕೇಳಿದರೆ ಜನ ತೂಕವನ್ನು ಇಳಿಸಿ, ಎತ್ತರವನ್ನು ಏರಿಸಿ ಹೇಳುತ್ತಾರೆ. 165 ಸೆಂ.ಮೀ. ಇರುವ 65 ಕಿಲೋದವರು ಎತ್ತರವನ್ನು 167 ಎಂದುಬಿಟ್ಟರೆ ಬಿಎಂಐ 23.9ರಿಂದ 23.3ಕ್ಕೆ ಇಳಿಯಿತು, ಎರಡು ಕಿಲೋ ತೂಕವನ್ನೂ ನುಂಗಿದರೆ 22.6. ಬೆವರು ಹರಿಸದೆ ಇಷ್ಟು ಇಳಿಸುವ ವ್ಯಾಯಾಮ ಇನ್ನೊಂದಿಲ್ಲ.

ತೂಗುವುದಕ್ಕೂ ಒಂದು ಶಿಸ್ತಿದೆ. ಯಂತ್ರ ಗಟ್ಟಿ ನೆಲದ ಮೇಲಿರಬೇಕು. ಜಮಖಾನದ ಮೇಲಿಟ್ಟರೆ ಕಾಲುಗಳು ಹೂತು ತಪ್ಪು ತೋರಿಸುತ್ತದೆ. ಚಪ್ಪಲಿ, ಮೊಬೈಲು, ಬೀಗದ ಕೈ ತೆಗೆದು, ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು, ತೆಳು ಬಟ್ಟೆಯಲ್ಲಿ, ಎರಡೂ ಕಾಲಿಗೆ ಸಮಭಾರ ಕೊಟ್ಟು ನಿಲ್ಲಬೇಕು. ಬೆಳಿಗ್ಗೆಗೂ ರಾತ್ರಿಗೂ ಒಂದು ಕಿಲೋ ಹೆಚ್ಚುಕಡಿಮೆ ಆಗುವುದು ಊಟ ನೀರಿನದ್ದೇ ಹೊರತು ಕೊಬ್ಬಿನದ್ದಲ್ಲ. ಎತ್ತರ ಅಳೆಯುವಾಗ ಹಿಮ್ಮಡಿ ಗೋಡೆಗೆ ತಾಗಿರಬೇಕು, ಕಣ್ಣುಗುಳಿಯ ಕೆಳಅಂಚೂ ಕಿವಿಯ ತೂತೂ ಒಂದೇ ಮಟ್ಟದಲ್ಲಿರಬೇಕು. ಗದ್ದ ಎತ್ತಿ ನಿಂತರೆ ಅಳತೆ ಕೆಡುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸರಾಸರಿ ಒಂದನ್ನು ಬಚ್ಚಿಡುತ್ತದೆ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 17 ಜನ ಬಿಎಂಐ 18.5ಕ್ಕಿಂತ ಕೆಳಗೆ, 30 ಜನ 25 ಅಥವಾ ಅದಕ್ಕಿಂತ ಮೇಲೆ. ಕಡ್ಡಿಯಂತಿರುವ 17, ತೂಕ ಮೀರಿದ 30, ಇವರನ್ನು ಒಟ್ಟಿಗೆ ಕೂಡಿಸಿ ಭಾಗಿಸಿದರೆ ಬರುವ ಆ ಸುಂದರ ನಡುಮಟ್ಟದ ಹೆಂಗಸು ಎಲ್ಲರ ಕಷ್ಟವನ್ನೂ ಮುಚ್ಚಿಹಾಕುತ್ತಾಳೆ. ಇನ್ನೊಂದು ಗೊಂದಲ ಪತ್ರಿಕೆಗಳು ಹಬ್ಬಿಸಿದ್ದು. 2020ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಪೋಷಕಾಂಶದ ಲೆಕ್ಕಕ್ಕೆ ಹಿಡಿಯುವ ಮಾದರಿ ಗಂಡಸನ್ನು 60ರಿಂದ 65 ಕಿಲೋಗೆ ಏರಿಸಿತು, ಹೆಂಗಸನ್ನು 55ಕ್ಕೇ ಬಿಟ್ಟಿತು. ಇದು ಸರಾಸರಿಯಲ್ಲ, ಆರೋಗ್ಯವಂತ ಯುವಕ ಇರಬೇಕಾದ ಅಳತೆ. ಭಾರತೀಯರು ಐದು ಕಿಲೋ ದಪ್ಪಗಾದರು ಎಂದು ಓದಿಕೊಂಡವರು ಆಸೆಯನ್ನು ಅಂಕಿಯೆಂದು ತಿಳಿದರು.

ಇನ್ನು ಇಬ್ಬರ ತೂಕ, ಎತ್ತರ, ಬಿಎಂಐ ಎಲ್ಲ ಸರಿಹೊಂದಿದರೆ? 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ವೈದ್ಯ ಜಾನ್ ಯಡ್ಕಿನ್, ಅಕ್ಕಪಕ್ಕ. ಇಬ್ಬರ ಬಿಎಂಐ ಕೂಡ 22.3. ಯಂತ್ರದಲ್ಲಿ ಮೈಕೊಬ್ಬು ಅಳೆದರೆ ಯಡ್ಕಿನ್ನರದು ಶೇಕಡ 9.1, ಯಾಜ್ಞಿಕರದು 21.2. ಒಂದೇ ಬಿಎಂಐಗೆ ನಮ್ಮವರಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಟೊಂಗಾ, ಸಮೋವಾದವರಲ್ಲಿ ಇದಕ್ಕೆ ತಿರುವುಮುರುವು. ಅದಕ್ಕೇ ಭಾರತದಲ್ಲಿ ಅತಿತೂಕದ ಗೆರೆಯನ್ನು 25ರ ಬದಲು 23ಕ್ಕೆ ಎಳೆದಿರುವುದು, ಸೊಂಟಕ್ಕೂ ಟೇಪು ಹಿಡಿಯಿರಿ ಎನ್ನುವುದು: ಗಂಡಸಿಗೆ 90 ಸೆಂ.ಮೀ., ಹೆಂಗಸಿಗೆ 80. ಫೋಟೋದ ಕೆಳಗೆ ವೈದ್ಯರಿಬ್ಬರೂ ವ್ಯತ್ಯಾಸಕ್ಕೆ ಕಾರಣಗಳನ್ನೂ ಬರೆದಿದ್ದರು. ಹುಟ್ಟುವಾಗ ಯಾಜ್ಞಿಕರ ತೂಕ ಕಡಿಮೆಯಿತ್ತು. ಯಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕರೂ ಓಡುತ್ತಾರೆ, ದಿನಾ ಬೆಳಿಗ್ಗೆ ಆಸ್ಪತ್ರೆಯಲ್ಲಿ, ಲಿಫ್ಟಿನ ಬಾಗಿಲು ಮುಚ್ಚುವುದರೊಳಗೆ ಹತ್ತಿಕೊಳ್ಳಲು.