ಟಗರಿನ ಹಣೆ ಸವರುವವರಿಗೆ

ಆಳಂದದ ಕಡೆ ನಮ್ಮ ಹೊಲದಲ್ಲಿ ಇಪ್ಪತ್ತೆರಡು ಡೆಕ್ಕನಿ ಕುರಿಗಳಿವೆ, ಒಂದು ಟಗರು. ಬಂದವರೆಲ್ಲ ನೇರವಾಗಿ ಅದರ ಹಣೆಯ ಮೇಲೆಯೇ ಕೈ ಇಡುತ್ತಾರೆ. ಬೇಡ ಎಂದರೆ ‘ಎಷ್ಟು ಸಾಧು ಇದೆ ನೋಡಿ’ ಎನ್ನುತ್ತಾರೆ. ಹಣೆ ಒತ್ತಿದರೆ ಟಗರಿಗೆ ಅದು ಮುದ್ದಲ್ಲ, ಕಾಳಗದ ಕರೆ. ಗದ್ದದ ಕೆಳಗೆ ತುರಿಸಿ, ನನ್ನ ತಕರಾರಿಲ್ಲ.

ನನಗೆ ಈ ಬುದ್ಧಿ ಬಂದದ್ದು ಮಂಡಿಯ ಹಿಂಬದಿಯಿಂದ. ಹಿಂದಿನ ಟಗರು ತಬ್ಬಲಿ ಮರಿ, ಬಾಟಲಿ ಹಾಲು ಕುಡಿದು ಅವ್ವನ ತಟ್ಟೆಯ ರೊಟ್ಟಿ ತಿಂದು ಬೆಳೆದದ್ದು. ಒಂದು ಬೆಳಿಗ್ಗೆ ಹೊಟ್ಟು ಸುರಿಯಲು ಬಗ್ಗಿದ್ದೆ. ಹಿಂದೆ ನಾಲ್ಕು ಹೆಜ್ಜೆ ಸರಿದ ಸದ್ದು ಕೇಳಿಸಿತು, ಅಷ್ಟೇ. ಬುಟ್ಟಿ ಒಂದು ಕಡೆ, ನಾನೊಂದು ಕಡೆ. ಓಡಿ ಬಂದ ಅವ್ವ ಮೊದಲು ಕೇಳಿದ್ದು, ‘ಟಗರಿಗೆ ಏನೂ ಆಗಲಿಲ್ಲ ತಾನೇ?’ ಕೈಯಲ್ಲಿ ಬೆಳೆದ ಗಂಡುಮರಿಗೆ ಮನುಷ್ಯನ ಭಯವಿರುವುದಿಲ್ಲ. ಅಂಥದ್ದನ್ನು ಬೀಜಕ್ಕೆ ಇಡಬಾರದು.

ಗುದ್ದು ಸಣ್ಣ ನಷ್ಟ. ಆ ಟಗರನ್ನು ವರ್ಷವಿಡೀ ಹಿಂಡಿನಲ್ಲೇ ಬಿಟ್ಟಿದ್ದೆವಲ್ಲ, ಅದು ದೊಡ್ಡದು. ಮೇ ತಿಂಗಳಲ್ಲೂ ಕುರಿ ಈಯುತ್ತಿದ್ದವು, ಕೆಚ್ಚಲಲ್ಲಿ ಹಾಲಿಲ್ಲ. ಟಗರು ತನ್ನ ಹೆಣ್ಣುಮಕ್ಕಳನ್ನೇ ಹಾರಿತು. ಮರಿಗಳು ವರ್ಷದಿಂದ ವರ್ಷಕ್ಕೆ ಸಣ್ಣಗಾದವು. ನಾವು ಸಂತೆಯಲ್ಲಿ ಹೆಣ್ಣು ಕುರಿಗಳನ್ನು ಬದಲಿಸುತ್ತಾ ಹೋದೆವು, ಟಗರನ್ನು ಮುಟ್ಟಲಿಲ್ಲ!

ಈಗಿನ ಟಗರು ಬೇರೆ ಊರಿನದು, ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಅದನ್ನು ಬಿಡುವುದು ಜೂನ್ ಕೊನೆಗೆ. ಐದು ತಿಂಗಳ ಗಬ್ಬ, ಮರಿ ಬೀಳುವುದು ನವೆಂಬರ್ ಕೊನೆಯಿಂದ. ಆಮೇಲೆ ತೊಗರಿ ಕೊಯ್ದ ಹೊಲದಲ್ಲಿ ಉದುರಿದ ಎಲೆ, ಕಾಯಿ ಮೇಯ್ದ ತಾಯಿಗೆ ಹಾಲು ನಿಲ್ಲುವುದಿಲ್ಲ. ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಅರಿಸಿನ ಬಳಿಯುತ್ತೇನೆ. ನಮ್ಮವು ಕಪ್ಪು ಕುರಿ, ಕೆಮ್ಮಣ್ಣು ಕಾಣಿಸುವುದಿಲ್ಲ. ಟಗರು ಹಾರಿ ಯಾವುದರ ಬೆನ್ನು ಹಳದಿಯಾಯಿತೋ ಅದರ ತಾರೀಖು ಗೋಡೆಯ ಕ್ಯಾಲೆಂಡರ್ ಮೇಲೆ. ಗಬ್ಬ ನಿಲ್ಲದ ಕುರಿ ಸುಮಾರು ಹದಿನೇಳು ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ, ಆಗ ಬಣ್ಣ ಬದಲಿಸಿ ರಂಗೋಲಿಯ ಬಿಳಿ ಪುಡಿ. ಹಳದಿ ಬೆನ್ನುಗಳೆಲ್ಲ ಮತ್ತೆ ಬೆಳ್ಳಗಾದರೆ ಕುರಿಯನ್ನು ಬೈಯಬೇಡಿ. ಟಗರಿನ ಬೀಜ ತಯಾರಾಗಲು ಏಳು ವಾರ ಬೇಕು, ಅಂದರೆ ಜೂನ್‌ನ ಬೀಜ ಕಟ್ಟುವುದು ನಮ್ಮ ಕಲಬುರಗಿಯ ಮೇ ಬಿಸಿಲಲ್ಲಿ, ಆ ಬಿಸಿಗೆ ಅದು ಕೆಡುತ್ತದೆ. ಬೇಸಿಗೆಯಲ್ಲಿ ಬೇವಿನ ನೆರಳು, ಉಣ್ಣೆ ಕತ್ತರಿಸುವುದು, ತಂಪು ನೀರು ಯಾರಿಗೆ ಬೇಕು ಎಂದು ಈಗ ಹೇಳಿ. ಆಗಸ್ಟ್ ಮೊದಲ ವಾರಕ್ಕೆ ಟಗರು ಮತ್ತೆ ತನ್ನ ಗೂಟಕ್ಕೆ.

ಮರಿಗಳಿಗೆ ಹಾಲು ಬಿಡಿಸುವ ಮಾತಿಗೆ ಪಕ್ಕದ ಹೊಲದ ಕಾಕಾ ನಗುತ್ತಾರೆ: ‘ತಾಯಿ ತಾನೇ ಒದ್ದು ಬಿಡಿಸುತ್ತದೆ, ನಿನಗೇಕೆ?’ ಒದೆಯುವ ಹೊತ್ತಿಗೆ ತಾಯಿಯ ಮೈಯಲ್ಲಿ ಎಲುಬು ಎಣಿಸಬಹುದು ಕಾಕಾ. ಮೇಲಾಗಿ ಐದು ತಿಂಗಳ ಗಂಡುಮರಿ ಮರಿಯಲ್ಲ, ತಂಗಿಯನ್ನೂ ಹಾರುತ್ತದೆ. ಹಾಗಾಗಿ ಮೂರು ತಿಂಗಳಿಗೆ ಹಾಲು ಬಿಡಿಸಿ, ಗಂಡು ಹೆಣ್ಣು ಎರಡನ್ನೂ ಬೇರೆ ಮಾಡುತ್ತೇನೆ. ಮೂರನೇ ವಾರದಿಂದಲೇ ಮರಿ ಮಾತ್ರ ನುಸುಳುವ ಸಂದಿನ ಆಚೆ ಕಡಲೆ ಹೊಟ್ಟು, ಸ್ವಲ್ಪ ನುಚ್ಚು ಇಟ್ಟಿರುತ್ತೇನೆ. ಬಿಡಿಸುವ ದಿನ ಮರಿಗಳನ್ನು ಕದಲಿಸುವುದಿಲ್ಲ. ತಾಯಂದಿರನ್ನು ಆಚೆ ಹೊಡೆಯುತ್ತೇನೆ. ಅವಕ್ಕೆ ಎರಡು ದಿನ ಮೊದಲೇ ಕಾಳು ನಿಲ್ಲಿಸಿ ಬರೀ ಜೋಳದ ಒಣ ಕಣಿಕೆ, ಇಲ್ಲದಿದ್ದರೆ ಕೆಚ್ಚಲು ಬಾವು ಬರುತ್ತದೆ.

ಅರಚಾಟ ಮೂರು ರಾತ್ರಿ. ಕಳೆದ ಸಲ ಎರಡನೇ ರಾತ್ರಿ ಅವ್ವ ಟಾರ್ಚ್ ಹಿಡಿದು ಎದ್ದು ಹೋದಳು. ದೊಡ್ಡಿಯ ಬೀಗದ ಕೈ ನನ್ನ ದಿಂಬಿನ ಕೆಳಗಿತ್ತು.